ಎಳೆಯುವ ಮೊದಲು ನಿಲ್ಲಿಸುವುದನ್ನು ಯೋಚಿಸಿ

ಮಿಲಿಟರಿ ಡಿಸ್ಪೋಸಲ್‌ನಿಂದ ಕೈ ಬದಲಾಗುತ್ತ ಬಂದ ಶಕ್ತಿಮಾನ್ ಲಾರಿಯೊಂದನ್ನು ಹಾಸನದಿಂದ ಸಕಲೇಶಪುರದ ಕಡೆಯ ನಮ್ಮ ತೋಟಕ್ಕೆ ತರಬೇಕಿತ್ತು. ಜರ್ಮನಿಯ ಮಾನ್ ಕಂಪನಿಯ ಪರವಾನಗಿಯಲ್ಲಿ ಜಬಲ್ಪುರದಲ್ಲಿ ತಯಾರಾದ, ನಾಲ್ಕೂ ಚಕ್ರಕ್ಕೆ ಬಲ ಹೋಗುವ ಗಾಡಿ. ಇಂಜಿನ್ ಕೆಟ್ಟಿತ್ತು. ನ್ಯೂಟ್ರಲ್ ಮಾಡಿ, ಇನ್ನೊಂದು ಲಾರಿಗೆ ಚೈನಿನಿಂದ ಕಟ್ಟಿ ಹೊರಟೆವು. ಹಿಂದಿನ ಗಾಡಿಯ ಸ್ಟೀರಿಂಗ್ ನನ್ನ ಕೈಯಲ್ಲಿತ್ತು.

ಮೊದಲ ಇಳಿಜಾರಿನಲ್ಲೇ ಚೈನು ಸಡಿಲವಾಯಿತು. ಬ್ರೇಕ್ ತುಳಿದರೆ ಕಲ್ಲಿನಂತೆ ಗಟ್ಟಿ. ಮುಂದಿನ ಲಾರಿಯ ಹಿಂಭಾಗಕ್ಕೆ ಗುದ್ದಿಯೇ ನಿಂತೆವು. ಯಾರಿಗೂ ಗಾಯವಾಗಲಿಲ್ಲ. ಮನೆ ಮುಟ್ಟಿದಾಗ ಗೇರ್‌ಬಾಕ್ಸಿನಿಂದ ಸುಟ್ಟ ವಾಸನೆ. ಬಿಚ್ಚಿ ನೋಡಿದರೆ ಬೇರಿಂಗ್‌ಗಳು ನೀಲಿಗಟ್ಟಿದ್ದವು.

"ಗೌಡ್ರೇ, ನ್ಯೂಟ್ರಲ್ ಮಾಡಿದ್ರೆ ಇಂಜಿನ್ನಿಗೆ ರಜಾ, ಗೇರ್‌ಬಾಕ್ಸಿಗಲ್ಲ" ಎಂದರು ಮೇಸ್ತ್ರಿ. ಗೇರ್‌ಬಾಕ್ಸಿನ ಕೆಳಗಿನ ಶಾಫ್ಟನ್ನು ತಿರುಗಿಸುವುದು ಇಂಜಿನ್. ಆಯಿಲನ್ನು ಮೇಲಕ್ಕೆ ಚಿಮ್ಮಿಸುವುದು ಆ ಶಾಫ್ಟು. ಇಂಜಿನ್ ನಿಂತ ಗಾಡಿಯನ್ನು ಎಳೆದಾಗ ಚಕ್ರಗಳು ಮೇಲಿನ ಶಾಫ್ಟನ್ನು ಮಾತ್ರ ತಿರುಗಿಸುತ್ತವೆ, ಅದು ಒಣಗಿಯೇ ಸುತ್ತುತ್ತದೆ.

ಎರಡನೇ ಲಾರಿ ತರುವಾಗ ಮೇಸ್ತ್ರಿಯನ್ನು ಕರೆದುಕೊಂಡೇ ಹೋದೆ. ಗೇರ್‌ಬಾಕ್ಸ್ ಕಡೆಯಿಂದ ಚಕ್ರಗಳಿಗೆ ಬಲ ಒಯ್ಯುವ ಮುಂದಿನ, ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಎರಡನ್ನೂ ಬಿಚ್ಚಿಸಿದರು. ಅದಕ್ಕೂ ಮೊದಲು ಚಕ್ರಗಳಿಗೆ ಮರದ ತುಂಡು ಕೊಡಿಸಿದರು. ಹಲವು ಹಳೆಯ ಮಿಲಿಟರಿ ಗಾಡಿಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಚಕ್ರವನ್ನಲ್ಲ, ಈ ಶಾಫ್ಟನ್ನೇ. ಶಾಫ್ಟ್ ಬಿಚ್ಚಿದ ಕ್ಷಣ ಗಾಡಿ ಉರುಳಬಹುದು, ಕೆಳಗೆ ಮನುಷ್ಯ ಮಲಗಿರುತ್ತಾನೆ.

ಚೈನಿನ ಬದಲು ಎ ಆಕಾರದ ಕಬ್ಬಿಣದ ಟೋ ಬಾರ್ ಹಾಕಿದೆವು. ಅದರ ಎರಡು ಕಾಲು ಚಾಸಿಯ ಎರಡೂ ಬದಿಯ ಕೊಂಡಿಗೆ. ಬಂಪರಿಗೆ ಎಂದೂ ಕಟ್ಟಬಾರದು. ಪಿನ್ ತುಂಡಾದರೂ ಗಾಡಿ ಬಿಟ್ಟುಹೋಗದಂತೆ ಎರಡು ಚೈನುಗಳನ್ನು ಅಡ್ಡಡ್ಡ ಹಾಕಿದೆವು. ಹಿಂದಿನ ಗಾಡಿಯ ಬ್ರೇಕಿಗೆ ಗಾಳಿಯ ನೆರವು ಇಂಜಿನ್ ಓಡದೆ ಸಿಗದು. ಎರಡೂ ಗಾಡಿಯ ಭಾರವನ್ನು ಮುಂದಿನದೇ ತಡೆಯಬೇಕು. ಆದ್ದರಿಂದ ಎಳೆಯುವ ಲಾರಿ ಹೆಚ್ಚು ತೂಕದ್ದಿರಲಿ, ಇಳಿಜಾರಿಗೆ ಮೊದಲೇ ಸಣ್ಣ ಗೇರಿಗೆ ಬರಲಿ.

2017ರ ಮೋಟಾರು ವಾಹನ ಚಾಲನಾ ನಿಯಮಗಳ ಪ್ರಕಾರ ಎಳೆಯುವಾಗ ವೇಗ ಗಂಟೆಗೆ 25 ಕಿ.ಮೀ. ಮೀರುವಂತಿಲ್ಲ, ಎರಡು ಗಾಡಿಗಳ ನಡುವೆ 5 ಮೀಟರಿಗಿಂತ ಹೆಚ್ಚು ಅಂತರ ಇರುವಂತಿಲ್ಲ. ಹಿಂದೆ ದೊಡ್ಡ ಅಕ್ಷರದ ಫಲಕ ಕಟ್ಟಿ, ಹಗಲಲ್ಲೇ ಹೊರಟೆವು. ಹತ್ತು ಕಿಲೋಮೀಟರಿಗೊಮ್ಮೆ ನಿಂತು ಚಕ್ರದ ಹಬ್‌ಗಳನ್ನು ಮುಟ್ಟಿ ನೋಡಿದೆವು. ಒಂದು ಹಬ್ ಕೈಸುಡುವಷ್ಟು ಕಾದಿತ್ತು, ಗ್ರೀಸ್ ಒಣಗಿತ್ತು. ಅಲ್ಲೇ ಬಿಚ್ಚಿ ತುಂಬಿದೆವು. ಸಂಜೆಯೊಳಗೆ ಮನೆ ಸೇರಿದೆವು.

ಹಳೆಯ ಗಾಡಿಯ ಮೇಲೆ ಪ್ರೀತಿ ಇರುವವರಲ್ಲಿ ನನ್ನದೊಂದು ಬೇಡಿಕೆ: ಶಾಫ್ಟ್ ಬಿಚ್ಚಲು ಬೇಕಾಗುವುದು ಅರ್ಧ ದಿನ. ಆ ಅರ್ಧ ದಿನವನ್ನು ದಯವಿಟ್ಟು ಉಳಿಸಬೇಡಿ. ಬಾರ್ ಸಿಗದಿದ್ದರೆ, ಹಬ್ ಬಗ್ಗೆ ಅನುಮಾನವಿದ್ದರೆ, ದುಬಾರಿಯಾದರೂ ಟ್ರೇಲರ್ ಮೇಲೆ ಹೇರಿಸಿಕೊಂಡೇ ತನ್ನಿ.