ಹಿಡಿದುಕೊಂಡ ಬೋಲ್ಟ್ ಬಿಚ್ಚೋದು ಹೇಗೆ? ಟಿಲ್ಲರ್, ವೀಡರ್ ಇಟ್ಟುಕೊಂಡವರಿಗೆ ಒಂದು ಪಾಠ

ಕಳೆನಾಶಕ ಹೊಡೆಯದ ನಮ್ಮಂಥವರ ತೋಟದಲ್ಲಿ ಮಳೆಗಾಲಕ್ಕೆ ಪವರ್ ವೀಡರ್ ನಿಂತರೆ ಕಷ್ಟ. ಯಂತ್ರ ರಿಪೇರಿ ಅಂಗಡಿಯಲ್ಲಿದೆ ಅಂತ ಕಳೆ ಕಾಯೋದಿಲ್ಲ. ಎಷ್ಟೋ ಸಲ ಕೆಲಸ ನಿಲ್ಲೋದು ದೊಡ್ಡ ದೋಷದಿಂದಲ್ಲ, ಬಿಚ್ಚೋಕೆ ಬಾರದ ಒಂದೇ ಒಂದು ಬೋಲ್ಟ್‌ನಿಂದ. ಅದನ್ನ ಜೋರು ಹಾಕಿ ತಿರುಗಿಸಿ, ತುಂಡಾಗಿ ಎಂಜಿನ್ ಒಳಗೇ ಉಳಿದರೆ ಹತ್ತು ನಿಮಿಷದ ಕೆಲಸ ಲೇತ್ ಅಂಗಡಿಗೆ ಹೋಗುತ್ತೆ. ಹಾಗಾಗಿ ಈ ವಾರ ಹೇಳೋದು ಇಷ್ಟೇ: ಜೋರು ಹಾಕೋದು ಕೊನೆಗೆ. ಅದಕ್ಕೂ ಮುಂಚೆ ಮಾಡಬೇಕಾದ ಕೆಲಸ ಬೇರೆ ಇದೆ.

ಯಾಕೆ ಹಿಡಿದುಕೊಳ್ಳುತ್ತೆ?

ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತೆ. ಥ್ರೆಡ್ಡಿನ ಸಂದಿಯಲ್ಲಿ ಉಬ್ಬಿದ ತುಕ್ಕು ಬೆಣೆ ಹೊಡೆದ ಹಾಗೆ ಬಿಗಿಯಾಗಿ ಕೂರುತ್ತೆ. ಸೈಲೆನ್ಸರ್ ಬೋಲ್ಟ್‌ಗಳು ಕಾದು, ತಣಿದು, ಮೇಲೆ ಮಳೆ ನೀರೂ ಕುಡಿಯೋದ್ರಿಂದ ಮೊದಲು ಹಿಡಿಯೋದು ಅವೇ. ಅಲ್ಯೂಮಿನಿಯಂ ಎಂಜಿನ್ನಿಗೆ ಉಕ್ಕಿನ ಬೋಲ್ಟ್ ಹಾಕಿರೋ ಕಡೆ ಕೆಂಪು ತುಕ್ಕಿನ ಬದಲು ಬಿಳಿ ಪುಡಿ ಕಾಣುತ್ತೆ. ಅದೂ ಅಷ್ಟೇ ಗಟ್ಟಿ.

ಮೊದಲು ಸರಿಯಾದ ಸ್ಪ್ಯಾನರ್

ಬೋಲ್ಟ್ ತಲೆ ಉರುಟಾಗೋದು ಹೆಚ್ಚಾಗಿ ತಪ್ಪು ಅಳತೆಯಿಂದ. 8 ಎಂ.ಎಂ. ಬೋಲ್ಟ್‌ನ ತಲೆ ಸಾಮಾನ್ಯವಾಗಿ 13 ಎಂ.ಎಂ. ಇರುತ್ತೆ, ಜಪಾನ್ ಮಾದರಿಯ ಎಂಜಿನ್‌ಗಳಲ್ಲಿ 12. 10 ಎಂ.ಎಂ. ಬೋಲ್ಟ್‌ಗೆ 17, ಜಪಾನ್ ಮಾದರಿಯಲ್ಲಿ 14. ಹಳೇ ಟ್ರ್ಯಾಕ್ಟರ್‌ಗಳಲ್ಲಿ ಇಂಚಿನ ಬೋಲ್ಟ್‌ಗಳೂ ಸಿಗುತ್ತವೆ. ಅರ್ಧ ಇಂಚು ಅಂದ್ರೆ 12.7 ಎಂ.ಎಂ. ಅದಕ್ಕೆ 13ರ ಸ್ಪ್ಯಾನರ್ ಕೂತ ಹಾಗೆ ಅನಿಸಿದರೂ ಜೋರು ಬಿದ್ದಾಗ ಜಾರಿ ಮೂಲೆ ಸವೆಸುತ್ತೆ. ಬಾಯಿ ತೆರೆದ ಸ್ಪ್ಯಾನರ್ ಬಿಟ್ಟು ಆರು ಮೂಲೆಯ ಸಾಕೆಟ್ ಹಾಕಿ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಪೂರ್ತಿ ಕೂರಿಸಿ.

ದಿಕ್ಕನ್ನೂ ನೋಡ್ಕೊಳ್ಳಿ. ಬ್ರಷ್ ಕಟರ್ ಬ್ಲೇಡಿನ ನಟ್ ಸಾಮಾನ್ಯವಾಗಿ ಎಡ ಥ್ರೆಡ್. ಗಡಿಯಾರದ ಮುಳ್ಳು ತಿರುಗೋ ದಿಕ್ಕಿಗೆ ತಿರುಗಿಸಿದರೇ ಅದು ಸಡಿಲ ಆಗೋದು.

ಬಿಚ್ಚುವ ಕ್ರಮ

1. ವೈರ್ ಬ್ರಷ್‌ನಿಂದ ಮಣ್ಣು, ತುಕ್ಕು ಉಜ್ಜಿ ತೆಗೀರಿ. ಮಣ್ಣಿದ್ದರೆ ಎಣ್ಣೆ ಒಳಗೆ ಇಳಿಯಲ್ಲ.

2. ತುಕ್ಕು ಬಿಡಿಸೋ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ಅದಿಲ್ಲದಿದ್ದರೆ ಡೀಸೆಲ್ ಆದೀತು, ಹೊತ್ತು ಹೆಚ್ಚು ಬೇಕು. ಕೆಳಗೆ ಹಳೇ ಬಟ್ಟೆ ಇಡಿ, ಎಣ್ಣೆ ತೋಟದ ಮಣ್ಣಿಗೆ ಬೀಳಬಾರದು.

3. ಬೋಲ್ಟ್ ತಲೆಯ ಮೇಲೆ ಸುತ್ತಿಗೆಯಿಂದ ನೇರವಾಗಿ ನಾಲ್ಕೈದು ಸಲ ತಟ್ಟಿ. ಆ ಅದುರಿಗೆ ತುಕ್ಕು ಬಿರುಕು ಬಿಟ್ಟು ಎಣ್ಣೆ ಇಳಿಯುತ್ತೆ.

4. ಮೊದಲು ಬಿಗಿ ಮಾಡೋ ಕಡೆಗೆ ಕೂದಲೆಳೆಯಷ್ಟು ಅಲುಗಿಸಿ, ಆಮೇಲೆ ಬಿಚ್ಚೋ ಕಡೆಗೆ. ಕಾಲು ಸುತ್ತು ಬಿಚ್ಚಿದರೆ ಅರೆಕಾಲು ಸುತ್ತು ವಾಪಸ್. ಹೀಗೆ ಹಿಂದೆ ಮುಂದೆ ಆಡಿಸ್ತಾ ತೆಗೀರಿ.

5. ಆಗಲೂ ಜಗ್ಗದಿದ್ದರೆ ಬಿಸಿ. ನಟ್ ಹಿಡಿದಿದ್ದರೆ ನಟ್ ಕಾಯಿಸಿ, ಬೋಲ್ಟ್ ಬ್ಲಾಕ್ ಒಳಗಿದ್ದರೆ ಅದರ ಸುತ್ತಲಿನ ಲೋಹ ಕಾಯಿಸಿ. ಸ್ವಲ್ಪ ತಣಿದ ಮೇಲೆ ಮೇಣದ ಬತ್ತಿ ಮುಟ್ಟಿಸಿದರೆ ಮೇಣ ಕರಗಿ ಥ್ರೆಡ್ಡಿಗೆ ಇಳಿಯುತ್ತೆ.

ಎಚ್ಚರ: ಎಣ್ಣೆ ಸುರಿದ ಜಾಗಕ್ಕೆ, ಪೆಟ್ರೋಲ್ ಟ್ಯಾಂಕಿನ ಹತ್ತಿರಕ್ಕೆ ಬೆಂಕಿ ತರಲೇಬೇಡಿ. ಮೊದಲು ಎಣ್ಣೆ ಒರೆಸಿ, ಟ್ಯಾಂಕ್ ಬಿಚ್ಚಿ ದೂರ ಇಡಿ. ಅಲ್ಯೂಮಿನಿಯಂ ಮೇಲೆ ಗ್ಯಾಸ್ ಜ್ವಾಲೆ ಬೇಡ. ಅದು ಕಬ್ಬಿಣದ ಹಾಗೆ ಕೆಂಪಾಗಿ ಸೂಚನೆ ಕೊಡಲ್ಲ, ಸುಮಾರು 660 ಡಿಗ್ರಿ ಸೆಲ್ಸಿಯಸ್‌ಗೆ ಕರಗಿಬಿಡುತ್ತೆ.

ತಲೆ ಉರುಟಾಗಿದ್ದರೆ

ಅರದಿಂದ ಎದುರುಬದುರು ಎರಡು ಕಡೆ ಉಜ್ಜಿ ಚಪ್ಪಟೆ ಮಾಡಿ, ಗ್ರಿಪ್ ಪ್ಲೈಯರ್‌ನಿಂದ ಕಚ್ಚಿ ಹಿಡಿದು ತಿರುಗಿಸಿ. ಇಲ್ಲವೇ ತಲೆಯ ಅಂಚಿಗೆ ಉಳಿ ಇಟ್ಟು ಬಿಚ್ಚೋ ದಿಕ್ಕಿಗೆ ಹೊಡೀರಿ. ಅದಕ್ಕೂ ಬಗ್ಗದಿದ್ದರೆ ಮೇಲೊಂದು ನಟ್ ಇಟ್ಟು, ನಟ್ಟಿನ ತೂತಿನೊಳಗೆ ವೆಲ್ಡಿಂಗ್ ಮಾಡಿಸಿ. ಹಿಡಿತವೂ ಸಿಗುತ್ತೆ, ವೆಲ್ಡಿಂಗ್ ಬಿಸಿಗೆ ತುಕ್ಕೂ ಬಿಡುತ್ತೆ. ಟ್ರ್ಯಾಕ್ಟರ್ ಆದರೆ ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿಯ ನೆಗೆಟಿವ್ ವೈರ್ ತಪ್ಪದೆ ಬಿಚ್ಚಿ.

ಒಳಗೇ ತುಂಡಾಗಿದ್ದರೆ

ಸರಿಯಾಗಿ ಮಧ್ಯಕ್ಕೆ ಸೆಂಟರ್ ಪಂಚ್ ಹೊಡೆದು 3 ಎಂ.ಎಂ. ಡ್ರಿಲ್‌ನಿಂದ ಶುರು ಮಾಡಬೇಕು. ಸಾಮಾನ್ಯ 8 ಎಂ.ಎಂ. ಬೋಲ್ಟ್‌ಗೆ 6.8 ಎಂ.ಎಂ. ದಾಟಬಾರದು, ದಾಟಿದರೆ ಬ್ಲಾಕ್‌ನ ಥ್ರೆಡ್ಡೇ ಹೋಗುತ್ತೆ. ಬೋಲ್ಟ್ ಎಕ್ಸ್‌ಟ್ರ್ಯಾಕ್ಟರ್ ಬಳಸೋರು ಇನ್ನೂ ಹುಷಾರು. ಅದು ಗಡಸು ಉಕ್ಕು. ಒಳಗೆ ಮುರಿದರೆ ನಮ್ಮ ಮಾಮೂಲಿ ಡ್ರಿಲ್ ಅದನ್ನ ಕೊರೆಯಲ್ಲ. ಕೈಯಲ್ಲಿ ನೇರವಾಗಿ ಕೊರೆಯೋ ಅಭ್ಯಾಸ ಇಲ್ಲದವರು ಇಲ್ಲಿಗೇ ನಿಲ್ಲಿಸಿ, ಲೇತ್ ಅಂಗಡಿಗೆ ಒಯ್ಯೋದು ಒಳ್ಳೇದು. ಯಾರೂ ಕೈ ಹಾಕದ ತುಂಡನ್ನ ಅವರು ಬೇಗ ತೆಗೀತಾರೆ. ಥ್ರೆಡ್ ಹೋಗಿದ್ದರೂ ಹೆಲಿಕಾಯ್ಲ್ ಅನ್ನೋ ಸುರುಳಿ ಕೂರಿಸಿ ಅದೇ ಅಳತೆಯ ಬೋಲ್ಟ್ ಹಿಡಿಯೋ ಹಾಗೆ ಮಾಡಬಹುದು. ಎಂಜಿನ್ ಬ್ಲಾಕ್ ಬದಲಿಸೋ ಖರ್ಚು ಉಳಿಯುತ್ತೆ.

ವಾಪಸ್ ಹಾಕುವಾಗ

ಥ್ರೆಡ್ ಉಜ್ಜಿ ಒರೆಸಿ, ಮೊದಲ ಮೂರು ಸುತ್ತು ಬೆರಳಲ್ಲೇ ತಿರುಗಿಸಿ. ಬೆರಳಿಗೆ ತಿರುಗದಿದ್ದರೆ ಓರೆಯಾಗಿ ಕೂತಿದೆ ಅಂತ ಅರ್ಥ, ತೆಗೆದು ಮತ್ತೆ ಹಾಕಿ. ಸೈಲೆನ್ಸರ್ ಬೋಲ್ಟ್‌ಗೆ ಬಿಸಿ ತಡೆಯೋ ತಾಮ್ರದ ಗ್ರೀಸ್ ತೆಳುವಾಗಿ ಹಚ್ಚಿ. ಹೆಡ್ ಬೋಲ್ಟ್, ಚಕ್ರದ ಬೋಲ್ಟ್‌ಗಳಿಗೆ ಮಾತ್ರ ಯಂತ್ರದ ಪುಸ್ತಕ ಹೇಳದೆ ಏನೂ ಹಚ್ಚಬೇಡಿ. ಜಾರಿಕೆ ಹೆಚ್ಚಾಗಿ ಬಿಗಿ ಅಳತೆ ಮೀರುತ್ತೆ.

ಮುಂಗಾರಿಗೆ ಒಂದು ತಿಂಗಳಿರುವಾಗಲೇ ಸೈಲೆನ್ಸರ್, ಬ್ಲೇಡ್, ಗಾರ್ಡ್ ಬೋಲ್ಟ್‌ಗಳನ್ನ ಒಮ್ಮೆ ಬಿಚ್ಚಿ ಹಾಕಿಡಿ. ಆಗ ಹಿಡಿದುಕೊಂಡಿದ್ದರೂ ಎಣ್ಣೆ ಹಾಕಿ ರಾತ್ರಿ ಕಾಯೋಕೆ ನಿಮಗೆ ಪುರುಸೊತ್ತಿರುತ್ತೆ.