ಟೆನಿಸ್ ಕಲಿಯುವ ಹುಡುಗನಿಗೆ ಮೊದಲ ಪಾಠಗಳು

ಜೂನ್ ತಿಂಗಳಲ್ಲಿ ಶಾಲೆಗಳು ತೆರೆದ ಮೇಲೆ ನಮ್ಮ ವಾಚನಾಲಯಕ್ಕೆ ಬರುವ ತಂದೆಯರ ಮಾತೆಲ್ಲ ಫೀ, ಪುಸ್ತಕ, ಮಳೆಕೋಟು ಇವುಗಳ ಸುತ್ತಲೇ ಇರುತ್ತದೆ. ಎರಡು ವರ್ಷಗಳ ಹಿಂದೆ ಇವುಗಳ ಜೊತೆಗೆ ನಮಗೊಂದು ಹೊಸ ಚಿಂತೆ ಬಂದೊದಗಿತು. ಎಂಟನೆಯ ಇಯತ್ತೆಯಲ್ಲಿ ಓದುತ್ತಿದ್ದ ನಮ್ಮ ಹುಡುಗ ಒಂದು ಸಂಜೆ ಮನೆಗೆ ಬಂದವನೇ, “ಅಪ್ಪಾ, ಶಾಲೆಯ ಟೆನಿಸ್ ತಂಡಕ್ಕೆ ನಾಲ್ವರನ್ನು ಆರಿಸುತ್ತಾರಂತೆ, ನಾನೂ ಹೆಸರು ಕೊಟ್ಟು ಬಂದಿದ್ದೇನೆ” ಎಂದ. ಅವನು ಅದುವರೆಗೆ ರಾಕೆಟ್ಟನ್ನು ಕೈಯಲ್ಲಿ ಹಿಡಿದವನಲ್ಲ. ನಾವಂತೂ ಟೆನಿಸನ್ನು ಪತ್ರಿಕೆಯ ಕ್ರೀಡಾಪುಟದಲ್ಲಿ ಬಿಟ್ಟರೆ ಮತ್ತೆಲ್ಲಿಯೂ ಕಂಡವರಲ್ಲ. ಆಯ್ಕೆ ನಡೆಯುವುದು ಗಣೇಶನ ಹಬ್ಬದ ರಜೆ ಮುಗಿದ ಮೇಲೆ. ಕೈಯಲ್ಲಿದ್ದದ್ದು ಹತ್ತು ಹನ್ನೊಂದು ವಾರ, ಅದೂ ಬದಲಾಪುರದ ಮಳೆಗಾಲದಲ್ಲಿ.

ಆ ವಾರಗಳಲ್ಲಿ ನಾವು ಮಾಡಿದ ತಪ್ಪುಗಳನ್ನೂ, ತಡವಾಗಿ ತಿಳಿದುಕೊಂಡ ಕೆಲವು ಸಂಗತಿಗಳನ್ನೂ ಇಲ್ಲಿ ಬರೆಯುತ್ತಿದ್ದೇವೆ. ಮಕ್ಕಳಿಂದ ಇಂತಹ ಬೇಡಿಕೆ ಬಂದಿರುವ ವಾಚಕರು ಇನ್ನೂ ಕೆಲವರಿದ್ದಾರೆಂದು ಬಲ್ಲೆವು. ಹುಡುಗ ಎಂದು ಬರೆದಲ್ಲೆಲ್ಲ ಹುಡುಗಿ ಎಂದೂ ಓದಿಕೊಳ್ಳಬೇಕು.

ಮೊದಲ ತಪ್ಪು ಅಂಗಡಿಯಲ್ಲಿಯೇ ಆಯಿತು. ಸಮವಸ್ತ್ರವನ್ನೂ ಬೂಟನ್ನೂ ಒಂದು ಅಳತೆ ದೊಡ್ಡದಾಗಿ ಕೊಳ್ಳುವ ಅಭ್ಯಾಸ ನಮ್ಮಂತಹ ಸಂಬಳಗಾರರಿಗೆ ಉಂಟಷ್ಟೆ. ಬೆಳೆಯುವ ಹುಡುಗ, ನಾಲ್ಕು ವರ್ಷ ಬಾಳಿಕೆ ಬರಲಿ ಎಂದು ದೊಡ್ಡವರ ರಾಕೆಟ್ಟನ್ನೇ ತಂದೆವು. ಮುನ್ನೂರು ಗ್ರಾಮಿಗಿಂತ ಮೇಲಿನ ತೂಕ, ದಪ್ಪ ಹಿಡಿ. ಎಂಟು ದಿನಗಳಲ್ಲಿ ಹುಡುಗನ ಮಣಿಕಟ್ಟು ನೋಯತೊಡಗಿತು. ದೊಡ್ಡವರ ರಾಕೆಟ್ಟಿನ ಉದ್ದ 27 ಅಂಗುಲ. ಹನ್ನೆರಡು ವರ್ಷದ ಆಸುಪಾಸಿನ ಮಕ್ಕಳಿಗೆ 26 ಅಂಗುಲದ್ದು ಸಾಕು. ಎತ್ತರದ ಹುಡುಗನಾದರೆ 27 ಅಂಗುಲದ್ದೇ ಆಗಬಹುದು, ಆದರೆ ಹಗುರವಾಗಿರಬೇಕು. ಹಿಡಿಯ ದಪ್ಪವನ್ನು ಪರೀಕ್ಷಿಸುವ ಸುಲಭೋಪಾಯವೊಂದಿದೆ. ಹುಡುಗ ರಾಕೆಟ್ಟನ್ನು ಹಿಡಿದಾಗ ಅವನ ಬೆರಳ ತುದಿಗೂ ಅಂಗೈಗೂ ನಡುವೆ ಇನ್ನೊಂದು ಕೈಯ ತೋರುಬೆರಳು ಹಿಡಿಸುವಷ್ಟು ಎಡೆ ಉಳಿಯಬೇಕು. ನಮಗೆ ಇದನ್ನು ತಿಳಿಸಿದವರು ಸಂಜೆಯ ಲೋಕಲ್ ಗಾಡಿಯಲ್ಲಿ ಜೊತೆಗೆ ನಿಂತು ಬರುವ ಒಬ್ಬ ಮಿತ್ರರು. ಆ ವೇಳೆಗೆ ಹಣ ಕೊಟ್ಟಾಗಿತ್ತು. ಹಗುರವಾದ ಹಳೆಯ ರಾಕೆಟ್ಟೊಂದನ್ನು ಪರಿಚಯದವರಿಂದ ಮತ್ತೆ ಕೊಳ್ಳಬೇಕಾಯಿತು.

ಚೆಂಡಿನ ವಿಷಯದಲ್ಲಿಯೂ ಒಂದು ಮಾತು. ನಿಯಮದ ಚೆಂಡನ್ನು ನೂರು ಅಂಗುಲದ ಎತ್ತರದಿಂದ ಗಟ್ಟಿ ನೆಲಕ್ಕೆ ಬಿಟ್ಟರೆ ಅದು 53ರಿಂದ 58 ಅಂಗುಲದವರೆಗೆ ಪುಟಿಯಬೇಕು. ಎಂದರೆ ಅರ್ಧಕ್ಕಿಂತ ತುಸು ಮೇಲೆ. ತಲೆಯ ಎತ್ತರದಿಂದ ಬಿಟ್ಟಾಗ ಸೊಂಟದ ಹತ್ತಿರಕ್ಕೂ ಬಾರದ ಚೆಂಡು ಸತ್ತ ಚೆಂಡು. ಅದರಿಂದ ಕಲಿತವನ ಕೈ ಹೊಸ ಚೆಂಡಿನೆದುರು ತಬ್ಬಿಬ್ಬಾಗುತ್ತದೆ. ಹಸುರು ಚುಕ್ಕೆಯ ಚೆಂಡೆಂದು ಒಂದುಂಟು. ಅದರ ವೇಗ ಮಾಮೂಲು ಚೆಂಡಿಗಿಂತ ಸುಮಾರು ಕಾಲುಭಾಗ ಕಡಿಮೆ. ಮೊದಲ ಒಂದು ತಿಂಗಳಿಗೆ ಅದೇ ಒಳ್ಳೆಯದು.

ಇನ್ನು ಅಂಗಳ. ಉದ್ದ 78 ಅಡಿ. ಒಬ್ಬರಿಗೊಬ್ಬರ ಆಟಕ್ಕೆ ಅಗಲ 27 ಅಡಿ, ಜೋಡಿಯಾಟಕ್ಕೆ 36 ಅಡಿ. ಬಲೆಯ ಎತ್ತರ ಕಂಬಗಳ ಬಳಿ ಮೂರೂವರೆ ಅಡಿಯಿದ್ದರೆ ನಡುವೆ ಮೂರೇ ಅಡಿ. ಈ ಅಂಕಿಗಳನ್ನು ಬಾಯಿಪಾಠ ಮಾಡಿದರೆ ಏನು ಬಂತು ಎಂದು ನಾವೂ ಮೊದಲು ಅಂದುಕೊಂಡೆವು. ಆದರೆ ಆಟದ ಅರ್ಧ ಬುದ್ಧಿ ಈ ಅಂಕಿಗಳಲ್ಲಿಯೇ ಅಡಗಿದೆ. ಹುಡುಗ ಚೆಂಡನ್ನು ಅಂಚಿನ ಗೆರೆಯ ಗುಂಟ ನೇರವಾಗಿ ಹೊಡೆದರೆ ಅದು ಎತ್ತರದ ಬಲೆಯನ್ನು ದಾಟಬೇಕು, ಬೀಳುವುದಕ್ಕೆ 78 ಅಡಿಯೊಳಗೇ ಜಾಗ. ಮೂಲೆಯಿಂದ ಮೂಲೆಗೆ ಓರೆಯಾಗಿ ಹೊಡೆದರೆ ಬಲೆ ಆರು ಅಂಗುಲ ತಗ್ಗು. ಉದ್ದವೋ, ಶಾಲೆಯಲ್ಲಿ ಕಲಿತ ಲಂಬಕೋನ ತ್ರಿಕೋನದ ಲೆಕ್ಕವನ್ನೇ ಹಾಕಿ ನೋಡಿ, ಎಂಬತ್ತೆರಡೂವರೆ ಅಡಿ. ನಾಲ್ಕೂವರೆ ಅಡಿ ಪುಕ್ಕಟೆ! ಹುಡುಗನಿಗೆ ಈ ಲೆಕ್ಕವನ್ನು ಅವನ ಗಣಿತದ ಪುಸ್ತಕದಲ್ಲಿಯೇ ಬಿಡಿಸಿ ತೋರಿಸಿದ ದಿನದಿಂದ ಅವನು ಓರೆ ಹೊಡೆತವನ್ನು ಬಿಡಲಿಲ್ಲ.

ಮುಖ್ಯವಾಗಿ ನಾವು ಹೇಳಬೇಕೆಂದಿರುವುದು ಇದು. ಕಲಿಯುವವರ ಆಟದಲ್ಲಿ ಅಂಕಗಳನ್ನು ಯಾರೂ ಗೆಲ್ಲುವುದಿಲ್ಲ, ಎದುರಾಳಿ ಕಳೆದುಕೊಳ್ಳುತ್ತಾನೆ. ಮಳೆ ಬಿಟ್ಟ ಒಂದು ಭಾನುವಾರ ಹಿರಿಯ ಮಕ್ಕಳ ಆಟ ನೋಡಲು ಹೋದಾಗ ನಾವು ಕಾಗದದ ಚೂರಿನಲ್ಲಿ ಗೆರೆ ಹಾಕುತ್ತ ಕುಳಿತೆವು. ಎದುರಾಳಿಗೆ ಎಟುಕದಂತೆ ಹೊಡೆದು ಪಡೆದ ಅಂಕಕ್ಕೆ ಒಂದು ಕಡೆ ಗೆರೆ, ಬಲೆಗೆ ಹೊಡೆದೋ ಹೊರಗೆ ಹೊಡೆದೋ ಕಳೆದದ್ದಕ್ಕೆ ಇನ್ನೊಂದು ಕಡೆ. ಎರಡನೆಯ ಕಡೆಯೇ ಬೇಗ ತುಂಬಿತು. ಆದ್ದರಿಂದ ಹತ್ತು ವಾರಗಳಲ್ಲಿ ತಂಡ ಸೇರಬೇಕೆನ್ನುವವನು ಕಲಿಯಬೇಕಾದದ್ದು ಬಿರುಸಿನ ಹೊಡೆತವಲ್ಲ. ಚೆಂಡನ್ನು ಒಂದು ಸಲ ಹೆಚ್ಚಾಗಿ ಮರಳಿಸುವುದು.

ಇದು ಕೈಲಾಗದವರ ಆಟವೆಂದು ಯಾರೂ ತಿಳಿಯಬಾರದು. ಮದ್ರಾಸಿನ ರಾಮನಾಥನ್ ಕೃಷ್ಣನ್ ಅವರು 1954ರಲ್ಲಿ ವಿಂಬಲ್ಡನ್ನಿನ ಬಾಲಕರ ಪ್ರಶಸ್ತಿಯನ್ನು ಗೆದ್ದರು. 1960 ಮತ್ತು 1961ರಲ್ಲಿ ಅಲ್ಲಿಯೇ ದೊಡ್ಡವರ ಸ್ಪರ್ಧೆಯಲ್ಲಿ ಉಪಾಂತ್ಯದವರೆಗೆ ಹೋದರು. ಅವರ ಬಲ ತೋಳಿನಲ್ಲಿರಲಿಲ್ಲ. ಚೆಂಡನ್ನು ಬೇಕಾದ ಕಡೆಗೆ ಮೆಲ್ಲಗೆ ಕಳುಹಿಸುವ ಹದದಲ್ಲಿತ್ತು. ಅವರಿಗೆ ಆಟ ಕಲಿಸಿದವರು ಅವರ ತಂದೆಯೇ.

ನಮ್ಮವರೇ ಆದ ರೋಹನ್ ಬೋಪಣ್ಣ ಅವರದು ಇನ್ನೊಂದು ಬಗೆ. ಕೊಡಗಿನ ಕಾಫಿ ಬೆಳೆಗಾರರ ಮಗ. ರಾಕೆಟ್ ಹಿಡಿದದ್ದು ಹನ್ನೊಂದನೆಯ ವಯಸ್ಸಿನಲ್ಲಿ. ಐದಾರು ವರ್ಷಕ್ಕೇ ಆಟ ಶುರುಮಾಡುವ ಮಕ್ಕಳಿರುವ ಈ ಕಾಲದಲ್ಲಿ ಅದು ತಡವೆಂದೇ ಹೇಳಬೇಕು. ಹಾಕಿ, ಫುಟ್ಬಾಲ್ ಎಂದು ಮನಸ್ಸು ಬೇರೆ ಆಟಗಳ ಕಡೆಗೂ ಹರಿಯುತ್ತಿತ್ತು. ಟೆನಿಸೇ ಮುಖ್ಯವೆನಿಸಿದ್ದು ಹತ್ತೊಂಬತ್ತರ ಹೊತ್ತಿಗೆ. ಅವರು 2025ರ ನವೆಂಬರಿನಲ್ಲಿ ಆಟದಿಂದ ನಿವೃತ್ತರಾಗುವಾಗ, ಸರ್ವ್ ಹೊಡೆತಕ್ಕೆ ಬಲ ಬರಲೆಂದು ಕೊಡಗಿನಲ್ಲಿ ಮರದ ದಿಮ್ಮಿಗಳನ್ನು ಸೀಳಿದ್ದನ್ನೂ, ದಮ್ಮು ಬೆಳೆಯಲೆಂದು ಕಾಫಿ ತೋಟಗಳಲ್ಲಿ ಓಡಿದ್ದನ್ನೂ, ಬಿರುಕುಬಿಟ್ಟ ಅಂಗಳಗಳಲ್ಲಿ ಆಡಿದ್ದನ್ನೂ ನೆನೆದರು. 2017ರಲ್ಲಿ ಕೆನಡಾದ ಗೇಬ್ರಿಯೆಲಾ ಡಬ್ರೌಸ್ಕಿಯವರ ಜೊತೆಗೂಡಿ ಫ್ರೆಂಚ್ ಓಪನ್ ಮಿಶ್ರ ಜೋಡಿಯ ಪ್ರಶಸ್ತಿ ಪಡೆದರು. 2024ರ ಜನವರಿಯಲ್ಲಿ ಆಸ್ಟ್ರೇಲಿಯದ ಮ್ಯಾಥ್ಯೂ ಎಬ್ಡನ್ ಅವರೊಡನೆ ಆಸ್ಟ್ರೇಲಿಯನ್ ಓಪನ್ ಪುರುಷರ ಜೋಡಿಯಾಟ ಗೆದ್ದು, ಜೋಡಿಯಾಟದಲ್ಲಿ ಜಗತ್ತಿನ ಒಂದನೆಯ ಸ್ಥಾನಕ್ಕೇರಿದರು. ಆಗ ಅವರ ವಯಸ್ಸು ನಲವತ್ತಮೂರು.

ದಿಮ್ಮಿ ಸೀಳುವ ಸಂಗತಿಯನ್ನು ನಾವು ಸುಮ್ಮನೆ ಹೇಳಲಿಲ್ಲ. ಸರ್ವ್ ಎಂದರೆ ಆಟ ಆರಂಭಿಸುವ ಹೊಡೆತ. ಅದಕ್ಕೆ ರಾಕೆಟ್ಟನ್ನು ಹಿಡಿಯುವ ರೀತಿ ಕೊಡಲಿ ಹಿಡಿಯುವ ರೀತಿಯೇ. ರಾಕೆಟ್ಟಿನ ಅಂಚು ಕೊಡಲಿಯ ಬಾಯಿಯಂತೆ ನೆಲದ ಕಡೆಗಿರಬೇಕು. ತಂತಿಯ ಮುಖವನ್ನೇ ಆಕಾಶಕ್ಕೆ ಹರವಿ, ತವೆ ಹಿಡಿದಂತೆ ಹಿಡಿಯುವುದು ಹೊಸಬರೆಲ್ಲರ ತಪ್ಪು. ಊರಿನಲ್ಲಿ ಕಟ್ಟಿಗೆ ಒಡೆದವರಿಗೆ ಬೇರೆ ವಿವರಣೆ ಬೇಕಿಲ್ಲ. ತೋಳು ಮೇಲೆ ಹೋಗಿ, ಮೊಣಕೈ ಬಿಚ್ಚಿ, ಮಣಿಕಟ್ಟು ಕೊನೆಗೆ ಬರುತ್ತದೆ. ನೆಲದಿಂದ ಪುಟಿದ ಚೆಂಡನ್ನು ಬಲಗಡೆಯಿಂದ ಹೊಡೆಯುವಾಗ ಮಾತ್ರ ಹಿಡಿತ ಬೇರೆ. ರಾಕೆಟ್ಟನ್ನು ಎದುರಿಗೆ ನಿಲ್ಲಿಸಿ ಅದರ ಹಿಡಿಯ ಕೈ ಕುಲುಕಿದರೆ ಆ ಹಿಡಿತ ತಾನಾಗಿ ಬರುತ್ತದೆ.

ಸರ್ವಿಗೆ ಎರಡು ಅವಕಾಶ. ಎರಡೂ ತಪ್ಪಿದರೆ ಎದುರಾಳಿಗೆ ಅಂಕ. ಒಂದು ಗೇಮಿಗೆ ನಾಲ್ಕು ಅಂಕ ಸಾಕಾಗುವ ಆಟದಲ್ಲಿ ಎರಡು ಸಲ ಹೀಗಾದರೆ ಅರ್ಧ ಗೇಮನ್ನು ದಾನ ಮಾಡಿದಂತೆ. ಆದುದರಿಂದ ಎರಡನೆಯ ಸರ್ವನ್ನು ಮೊದಲು ಕಲಿಸಬೇಕು, ಮೊದಲನೆಯದನ್ನು ಆಮೇಲೆ. ಚೆಂಡು ಬಲೆಯ ಮೇಲೆ ಮೂರು ನಾಲ್ಕಡಿ ಎತ್ತರದಲ್ಲಿ ಕಮಾನಿನಂತೆ ಹೋಗಿ ಚೌಕದೊಳಗೆ ಬಿದ್ದರೆ ಆಯಿತು. ಆರಂಭದಲ್ಲಿ ಬಲೆಯಿಂದ 21 ಅಡಿ ದೂರದ ಗೆರೆಯ ಬಳಿ ನಿಂತು ಹೊಡೆದು, ಹತ್ತಕ್ಕೆ ಏಳು ಒಳಗೆ ಬಿದ್ದ ಮೇಲೆ ಎರಡು ಹೆಜ್ಜೆ ಹಿಂದೆ, ಮತ್ತೆ ಎರಡು ಹೆಜ್ಜೆ ಹಿಂದೆ, ಹೀಗೆ ಹಿಂದಿನ ಗೆರೆಯವರೆಗೆ ಹೋಗಬೇಕು. ಕೈಯನ್ನು ಕೆಳಗಿನಿಂದ ಬೀಸಿ ಸರ್ವ್ ಮಾಡುವುದಕ್ಕೆ ನಿಯಮದಲ್ಲಿ ಅಡ್ಡಿಯಿಲ್ಲ ಎಂಬುದು ಅನೇಕರಿಗೆ ತಿಳಿಯದು. 1989ರ ಫ್ರೆಂಚ್ ಓಪನ್ನಿನಲ್ಲಿ ಹದಿನೇಳು ವರ್ಷದ ಮೈಕೇಲ್ ಚಾಂಗ್, ಕಾಲು ಸೆಟೆದುಕೊಂಡು ನಿಲ್ಲಲಾಗದ ಸ್ಥಿತಿಯಲ್ಲಿ, ಇವಾನ್ ಲೆಂಡ್ಲ್ ಅವರಂತಹವರಿಗೆ ಹೀಗೆ ಸರ್ವ್ ಮಾಡಿದ. ಆ ಪಂದ್ಯವನ್ನೂ ಗೆದ್ದ, ಆ ವರ್ಷದ ಪ್ರಶಸ್ತಿಯನ್ನೂ ಗೆದ್ದ.

ಅಭ್ಯಾಸಕ್ಕೆ ಅಂಗಳವೆಲ್ಲಿ ಎಂದು ಕೇಳುವಿರಿ. ನಮಗೂ ವಾರಕ್ಕೊಂದು ಗಂಟೆ ಸಿಕ್ಕಿದ್ದೇ ಹೆಚ್ಚು. ಉಳಿದದ್ದೆಲ್ಲ ಗೋಡೆಯ ಕೆಲಸ. ನಮ್ಮ ಕಟ್ಟಡದ ನೀರಿನ ಪಂಪಿನ ಕೋಣೆಗೆ ಕಿಟಕಿಯಿಲ್ಲದ ಒಂದು ಗೋಡೆಯಿದೆ. ಅದರ ಮೇಲೆ ಮೂರಡಿ ಎತ್ತರದಲ್ಲಿ ಸುಣ್ಣದ ಕಡ್ಡಿಯಿಂದ ಗೆರೆ ಎಳೆದೆವು. ಹುಡುಗ ಇಪ್ಪತ್ತಡಿ ದೂರದಲ್ಲಿ ನಿಂತು ಗೆರೆಯ ಮೇಲಕ್ಕೆ ಹೊಡೆಯುವುದು. ಗೋಡೆಯಿಂದ ಚೆಂಡು ಬೇಗ ಮರಳುವುದರಿಂದ ಮೊದಮೊದಲು ಎರಡು ಪುಟಿತ ಬಿಡಬೇಕು. ಹತ್ತು ಸಲ ತಪ್ಪದೆ ಹೊಡೆದ ಮೇಲೆಯೇ ಇಪ್ಪತ್ತರ ಮಾತು. ನೆರೆಯವರು ಸದ್ದಿಗೆ ಬೇಸರಪಟ್ಟರು, ಅದು ಸಹಜವೇ. ಬೆಳಿಗ್ಗೆ ಏಳಕ್ಕೆ ಮುಂಚೆ ಇಲ್ಲ, ಮಧ್ಯಾಹ್ನ ಇಲ್ಲ ಎಂದು ಮಾತು ಕೊಟ್ಟು ಒಪ್ಪಿಸಿದೆವು.

ಜಡಿಮಳೆಯ ದಿನಗಳಲ್ಲಿ ಚೆಂಡನ್ನು ಮೇಲಕ್ಕೆ ಎಸೆಯುವ ಅಭ್ಯಾಸ. ಸರ್ವ್ ಕೆಡುವುದು ಬಲಗೈಯಿಂದಲ್ಲ, ಚೆಂಡೆಸೆಯುವ ಎಡಗೈಯಿಂದ. ರಾಕೆಟ್ಟನ್ನು ಎಡಗಾಲಿನ ಮುಂದೆ ನೆಲದ ಮೇಲಿಟ್ಟು, ಎಸೆದ ಚೆಂಡು ಮರಳಿ ಅದರ ತಂತಿಯ ಮೇಲೆಯೇ ಬೀಳುವಂತೆ ಎಸೆಯಬೇಕು. ನಮ್ಮ ಮನೆಯ ಸೂರು ತಗ್ಗು, ಆದ್ದರಿಂದ ಇದು ಕಟ್ಟಡದ ಮುಂದಿನ ತೆರೆದ ಪಡಸಾಲೆಯಲ್ಲಿ ನಡೆಯಿತು. ಮನೆಯವರು ಅಕ್ಕಿ ಆರಿಸುತ್ತ ಕುಳಿತು ಎಣಿಸಿದರು.

ಆಟ ಬಾರದ ತಂದೆಯೂ ಒಂದು ಕೆಲಸ ಮಾಡಬಹುದು. ಅದನ್ನು ನಾವು ಬಹಳ ತಡವಾಗಿ ಅರಿತೆವು. ರಾಕೆಟ್ ಬೇಡ. ಹದಿನೈದಡಿ ದೂರದಲ್ಲಿ ನಿಂತು, ಬರಿಗೈಯಿಂದ ಚೆಂಡನ್ನು ಮೆಲ್ಲಗೆ, ಒಂದೇ ಎತ್ತರಕ್ಕೆ, ಒಂದೇ ಜಾಗಕ್ಕೆ ಎಸೆಯುತ್ತ ಹೋಗುವುದು. ಹುಡುಗ ಪಕ್ಕಕ್ಕೆ ತಿರುಗಿ ನಿಂತು, ಚೆಂಡು ತನ್ನ ಮುಂದೆ ಇರುವಾಗಲೇ ಹೊಡೆಯಬೇಕು. ಅರ್ಧ ಗಂಟೆಯಲ್ಲಿ ನೂರಾರು ಚೆಂಡು ಆಗುತ್ತದೆ. ಕಲ್ಯಾಣದಿಂದ ಈಚೆಗೆ ಕುಳಿತುಕೊಳ್ಳಲು ಜಾಗ ಸಿಕ್ಕರೆ ಸಾಕೆನ್ನುವ ದೇಹಗಳು ನಮ್ಮವು. ವಾರದ ದಿನ ಇದು ನಮ್ಮಿಂದಾಗಲಿಲ್ಲ. ಭಾನುವಾರ ಬೆಳಿಗ್ಗೆ ಮಾತ್ರ ತಪ್ಪಿಸಲಿಲ್ಲ.

ಅಂಕ ಎಣಿಸುವುದನ್ನು ಮುಂಚೆಯೇ ಕಲಿಸಿರಬೇಕು. ಹದಿನೈದು, ಮೂವತ್ತು, ನಲವತ್ತು, ಆಮೇಲೆ ಗೇಮ್. ಇಬ್ಬರೂ ನಲವತ್ತಾದರೆ ಎರಡು ಅಂಕಗಳ ಮುನ್ನಡೆ ಬೇಕು. ಸರ್ವ್ ಮಾಡುವವನೇ ತನ್ನ ಅಂಕವನ್ನು ಮೊದಲು ಹೇಳಿ, ಎದುರಾಳಿಯದನ್ನು ಆಮೇಲೆ ಕೂಗಬೇಕು. ತೀರ್ಪುಗಾರರಿಲ್ಲದ ಆಟದಲ್ಲಿ ತನ್ನ ಕಡೆಯ ಗೆರೆಗಳನ್ನು ತಾನೇ ನೋಡಿ ಹೇಳಬೇಕು. ಒಳಗೋ ಹೊರಗೋ ಸಂಶಯ ಬಂದರೆ ಅಂಕ ಎದುರಾಳಿಗೆ.

ಆಯ್ಕೆಯ ದಿನ ನಾವು ಅರ್ಧ ದಿನ ರಜೆ ಹಾಕಿ ಹೋದೆವು. ಹುಡುಗ ಮೊದಲ ಆಟ ಗೆದ್ದ. ಎರಡನೆಯದರಲ್ಲಿ ಮೂರು ಸಮವಾಗಿದ್ದಾಗ, ತನ್ನ ಗೆರೆಯ ಮೇಲೆ ಬಿತ್ತೆಂದು ಅವನೇ ಹೇಳಿದ ಚೆಂಡಿನಿಂದ ಒಂದು ಗೇಮ್ ಹೋಯಿತು. ಅನಂತರ ಕೈ ನಡುಗಿ ಎರಡು ಸಲ ಸರ್ವ್ ಪೂರ್ತಿ ತಪ್ಪಿದ. ಆರಿಸಿದ ನಾಲ್ವರಲ್ಲಿ ಅವನ ಹೆಸರಿರಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಅವನು ಮಾತಾಡಲಿಲ್ಲ, ನಾವೂ ಆಡಲಿಲ್ಲ. ಆ ಚೆಂಡು ನಿಜವಾಗಿಯೂ ಗೆರೆಗೆ ತಾಗಿತ್ತೇ ಎಂದು ಕೇಳುವ ಆಸೆ ನಾಲಿಗೆಯ ತುದಿಗೆ ಬಂದಿತ್ತು. ಕೇಳದೆ ಇದ್ದದ್ದೇ ಒಳ್ಳೆಯದಾಯಿತೆಂದು ಈಗ ಅನ್ನಿಸುತ್ತದೆ. ಮರುದಿನ ಬೆಳಿಗ್ಗೆ ಏಳಕ್ಕೆ ಪಂಪಿನ ಕೋಣೆಯ ಕಡೆಯಿಂದ ಸದ್ದು ಕೇಳಿಸಿತು.

ಮರುವರ್ಷ ಅವನನ್ನು ಜೋಡಿಯಾಟಕ್ಕೆ ತೆಗೆದುಕೊಂಡರು. ಜೋಡಿಯಾಟಕ್ಕೆ ಸ್ಥಿರವಾಗಿ ಸರ್ವ್ ಮಾಡುವವನೂ ಜೊತೆಗಾರನ ಮೇಲೆ ಸಿಡುಕದವನೂ ಬೇಕು. ಒಬ್ಬರಾಟದಲ್ಲಿ ಮೇಲುಗೈಯಾದ ಹುಡುಗರೆಲ್ಲ ಅದಕ್ಕೆ ಒದಗುವುದಿಲ್ಲ. ಹೊಸಬರು ಆ ಬಾಗಿಲನ್ನೂ ತಟ್ಟಿ ನೋಡಬೇಕು.

ಮೊದಲು ಕೊಂಡ ಆ ಭಾರದ ರಾಕೆಟ್ಟನ್ನು ವಾಚನಾಲಯದ ದೊಡ್ಡ ಕಪಾಟಿನ ಪಕ್ಕದಲ್ಲಿ ಇಟ್ಟಿದ್ದೇವೆ, ಜೊತೆಗೆ ಹಸುರು ಚುಕ್ಕೆಯ ನಾಲ್ಕು ಚೆಂಡುಗಳೂ ಇವೆ. ಹದಿನೈದು ದಾಟಿದ ಮಕ್ಕಳಿಗೆ ಅದು ಸರಿಹೋಗುತ್ತದೆ. ಬೇಕಾದವರು ಪುಸ್ತಕ ಒಯ್ಯುವಂತೆಯೇ ವಹಿಯಲ್ಲಿ ಸಹಿ ಮಾಡಿ ಹದಿನೈದು ದಿನಗಳ ಮಟ್ಟಿಗೆ ಒಯ್ಯಬಹುದು.