ಎಲೆಯ ಕಹಿ, ತೊಗಟೆಯ ಒಗರು: ಹುಳು ಮನೆ ಕಲಿಸಿದ ಪಾಠಗಳು

ಶಿಡ್ಲಘಟ್ಟ ಸೀಮೆಯಲ್ಲಿ ರೇಷ್ಮೆ ಮಾಡುವ ನಮಗೆ ಗಿಡಮರಗಳ ಜೊತೆ ಇಡೀ ದಿನದ ಒಡನಾಟ. ಹುಳುವಿಗೆ ಸೊಪ್ಪು, ತೋಟಕ್ಕೆ ಹಿಂಡಿ, ನೂಲು ಬಿಚ್ಚುವ ಒಲೆಗೆ ಸೌದೆ, ಸ್ಟ್ಯಾಂಡಿಗೆ ಹಲಗೆ. ಇವೆಲ್ಲದರಲ್ಲೂ ನಾರು, ಲಿಗ್ನಿನ್ ಬಿಟ್ಟು ಇನ್ನೊಂದು ಪಾಲಿದೆ. ನೀರಿಗೋ ಸಾರಾಯಿಗೋ ಕರಗಿ ಈಚೆ ಬರುವ ಕಹಿ, ಒಗರು, ಎಣ್ಣೆ, ಅಂಟು, ಬಣ್ಣ ಅದು. ಮರದ ತೂಕದಲ್ಲಿ ಸಾಮಾನ್ಯವಾಗಿ ಅದು ನೂರಕ್ಕೆ ಕೆಲವೇ ಪಾಲು. ನಾನು ಕೆಡಿಸಿಕೊಂಡ ಕೆಲಸಗಳಲ್ಲಿ ಹೆಚ್ಚಿನವು ಆ ಸಣ್ಣ ಪಾಲನ್ನು ಲೆಕ್ಕಕ್ಕೆ ಹಿಡಿಯದೆ ಕೆಟ್ಟಂಥವು.

1. ಗಿಡದಿಂದ ಬಂದದ್ದೆಲ್ಲ ಹುಳುವಿಗೆ ಒಗ್ಗುವುದಿಲ್ಲ.

ಒಂದು ಬೇಸಿಗೆಯಲ್ಲಿ ತೋಟಕ್ಕೆ ಹಿಟ್ಟು ತಿಗಣೆ ಬಿತ್ತು. ಕುಡಿಗಳು ಮುರುಟಿಕೊಂಡವು. ಅಂಗಡಿ ಔಷಧಿ ಹೊಡೆದರೆ ಹುಳು ಉಳಿಯುವುದಿಲ್ಲವೆಂದು ಬೇವಿನ ಎಣ್ಣೆ ಸಿಂಪಡಿಸಿ, ಕೆಲವೇ ದಿನಕ್ಕೆ ಸೊಪ್ಪು ಕೊಯ್ದು ಹಾಕಿದೆ. ಹುಳು ಕೂಡಲೇ ಸತ್ತು ಬೀಳಲಿಲ್ಲ. ಹಾಗಾಗಿ ನನಗೆ ಗೊತ್ತಾಗಲೂ ಇಲ್ಲ. ಸೊಪ್ಪಿನ ಅಂಚು ಕಚ್ಚಿ ಬಿಡುತ್ತಿದ್ದವು. ಒಂದೇ ತಟ್ಟೆಯಲ್ಲಿ ದಪ್ಪ ಹುಳು, ಸಣ್ಣ ಹುಳು ಬೆರೆತವು. ಜ್ವರದಿಂದ, ಅಂದರೆ ಚರ್ಮ ಬದಲಿಸುವ ಹಂತದಿಂದ, ಏಳುವ ಹುಳು ಹಳೆ ಚರ್ಮವನ್ನು ಹಿಂದಕ್ಕೆ ಕಳಚಿ ಮುಂದೆ ಸರಿಯಬೇಕು. ಇವುಗಳಲ್ಲಿ ಎಷ್ಟೋ ಹುಳುಗಳಿಗೆ ಚರ್ಮ ಅರ್ಧಕ್ಕೆ ಸಿಕ್ಕಿಕೊಂಡಿತು. ಬಾಲದ ಕಡೆ ಅದು ಒಣಗಿ ಬಿಗಿದು, ಮೈ ಹಿಂಡಿದಂತಾಗಿ, ಹುಳು ತಲೆ ಎತ್ತಿಕೊಂಡೇ ಬಾಡಿತು.

ಚಿಂತಾಮಣಿಯ ರೇಷ್ಮೆ ಕೃಷಿ ಕಾಲೇಜಿನಲ್ಲಿ ಓದಿದ ನಮ್ಮೂರ ಹುಡುಗ ಕಾರಣ ಬಿಡಿಸಿ ಹೇಳಿದ. ಬೇವಿನಲ್ಲಿರುವ ಅಜಾಡಿರಾಕ್ಟಿನ್ ಕೀಟಗಳು ಚರ್ಮ ಕಳಚುವ ಹಾರ್ಮೋನಿನ ಕೆಲಸವನ್ನೇ ತಪ್ಪಿಸುತ್ತದೆ. ತಿಗಣೆಯೂ ಕೀಟ, ರೇಷ್ಮೆ ಹುಳುವೂ ಕೀಟ. ಬೇವು ಭೇದ ಮಾಡುವುದಿಲ್ಲ. ಬಿಸಿಲಿಗೆ ಆ ಸತ್ವ ಬೇಗ ಒಡೆಯುತ್ತದೆ ನಿಜ. ದಟ್ಟ ತೋಟದ ಒಳಗಿನ ಎಲೆಗೆ ಬಿಸಿಲು ಎಲ್ಲಿಂದ ಬರಬೇಕು? ಹೊಗೆಸೊಪ್ಪಿನ ಕಷಾಯದ ಕಥೆ ಇನ್ನೂ ಕೆಟ್ಟದ್ದು. ಅದರ ನಿಕೋಟಿನ್ ಹುಳುವಿನ ನರಕ್ಕೇ ಹೊಡೆಯುತ್ತದೆ. ಈಗ ಏನನ್ನೇ ಸಿಂಪಡಿಸಲಿ, ರೇಷ್ಮೆ ಇಲಾಖೆಯವರು ಹೇಳಿದಷ್ಟು ದಿನ ಬಿಟ್ಟು, ಮೊದಲು ಬೇರೆ ತಟ್ಟೆಯಲ್ಲಿ ಒಂದಿಷ್ಟು ಹುಳುವಿಗೆ ಆ ಸೊಪ್ಪು ಹಾಕಿ, ಅವು ಒಂದು ಜ್ವರ ದಾಟುವುದನ್ನು ನೋಡುತ್ತೇನೆ.

2. ಹಿಪ್ಪುನೇರಳೆಯೂ ವಿಷ ಇಟ್ಟುಕೊಂಡ ಗಿಡವೇ.

ಇದು ನನಗೆ ತಡವಾಗಿ ತಿಳಿಯಿತು. ಸೊಪ್ಪು ಕೊಯ್ದಾಗ ತೊಟ್ಟಿನಿಂದ ಜಿನುಗುವ ಬಿಳಿ ಹಾಲಿನಲ್ಲಿ ಸಕ್ಕರೆಯನ್ನೇ ಹೋಲುವ ಆಲ್ಕಲಾಯ್ಡ್‌ಗಳಿವೆ. ಬೇರೆ ಕಂಬಳಿಹುಳು ತಿಂದರೆ ಸಕ್ಕರೆ ಜೀರ್ಣವಾಗದೆ ಸೊರಗುತ್ತದೆ. ಹರಳು ಗಿಡ ತಿನ್ನುವ ಎರಿ ರೇಷ್ಮೆ ಹುಳುವಿಗೂ ಅದು ವಿಷವೆಂದು ಜಪಾನಿನ ವಿಜ್ಞಾನಿಗಳು 2006ರಲ್ಲಿ ತೋರಿಸಿಕೊಟ್ಟರು. ನಮ್ಮ ಹುಳು ಮಾತ್ರ ಅದನ್ನು ತಡೆದುಕೊಳ್ಳುತ್ತದೆ. ಸಾಲದ್ದಕ್ಕೆ ಎಲೆಯ ವಾಸನೆ ಹಿಡಿದೇ ಸೊಪ್ಪಿನ ಕಡೆ ಬರುತ್ತದೆ. ಚಾಕಿ ಹಂತದ ಮರಿ ಹುಳುವಿಗೆ ಎಳೆ ಸೊಪ್ಪನ್ನು ಹೆಚ್ಚಿ ಹಾಕಿದ ಕೂಡಲೇ ಅವು ಒಟ್ಟಾಗಿ ತಲೆ ತಿರುಗಿಸುವುದನ್ನು ಬಗ್ಗಿ ನೋಡಿ. ಬಾಡಿದ ಸೊಪ್ಪು ಹಾಕಿದರೆ ಆ ಚುರುಕು ಇರುವುದಿಲ್ಲ. ಸೊಪ್ಪಿಗೆ ಒದ್ದೆ ಗೋಣಿ ಹೊದಿಸಿಡುವ ಕೆಲಸದಲ್ಲಿ ನಾನು ಈಗ ಸೋಮಾರಿತನ ಮಾಡುವುದಿಲ್ಲ.

3. ನೀಲಗಿರಿ ಎಲೆ ಕೊಳೆಯದೆ ತೋಟಕ್ಕೆ ಹೋಗಬಾರದು.

ನಮ್ಮ ಜಿಲ್ಲೆಗೂ ನೀಲಗಿರಿಗೂ ಹಳೆಯ ನಂಟು. 1790ರ ಸುಮಾರಿಗೆ ಟಿಪ್ಪು ಸುಲ್ತಾನ್ ಆಸ್ಟ್ರೇಲಿಯಾದ ಬೀಜ ತರಿಸಿ ನಂದಿ ಬೆಟ್ಟದ ತೋಟದಲ್ಲಿ ಹಾಕಿಸಿದನೆಂದು ಅರಣ್ಯದ ಪುಸ್ತಕಗಳು ಹೇಳುತ್ತವೆ. ಅಲ್ಲಿನ ಮರಗಳ ಸಂತತಿಯೇ ‘ಮೈಸೂರು ಗಮ್’ ಎಂಬ ಹೆಸರಿನಲ್ಲಿ ದೇಶದ ತುಂಬ ಹರಡಿತು. ಅಂತರ್ಜಲದ ಕಾರಣಕ್ಕೆ ರಾಜ್ಯ ಸರ್ಕಾರ 2017ರಲ್ಲಿ ಹೊಸ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಹಳೆಯ ತೋಪುಗಳು ಇನ್ನೂ ಇವೆ, ಉದುರಿದ ಎಲೆ ಪುಕ್ಕಟೆ ಸಿಗುತ್ತದೆ.

ಹಾಗೆ ಸಿಕ್ಕ ಎಲೆಯನ್ನು ಗಾಡಿಗಟ್ಟಲೆ ತಂದು ಹೊಸ ಹಿಪ್ಪುನೇರಳೆ ಸಸಿಗಳ ಬುಡಕ್ಕೆ ಮುಚ್ಚಿದೆ. ತೇವ ಉಳಿಯಿತು. ಸಾಲಿನ ನಡುವೆ ಚೆಲ್ಲಿದ್ದ ಹುರುಳಿ ಮಾತ್ರ ಸರಿಯಾಗಿ ಮೊಳೆಯಲಿಲ್ಲ, ಸಸಿಗಳೂ ಹಳದಿಯಾಗಿ ನಿಂತವು. ಎಲೆಯ ಎಣ್ಣೆ ಮತ್ತು ಫೀನಾಲುಗಳು ನೀರಿನಲ್ಲಿ ಇಳಿದು ಬೀಜದ ಮೊಳಕೆಯನ್ನು ತಡೆಯುತ್ತವೆ. ಎಣ್ಣೆ ಹಿಡಿದ ಎಲೆಯನ್ನು ಸೂಕ್ಷ್ಮಜೀವಿಗಳು ಬೇಗ ಮುಟ್ಟುವುದೂ ಇಲ್ಲ, ಮುಟ್ಟಿದಾಗ ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತವೆ. ಈಗ ಆ ಎಲೆ ನೇರ ಗುಂಡಿಗೆ ಹೋಗುತ್ತದೆ. ಸಗಣಿ ಬಗ್ಗಡ ಹಾಕಿ ಕೊಳೆಸಿ, ಮುಷ್ಟಿಯಲ್ಲಿ ಹಿಡಿದಾಗ ನೀಲಗಿರಿ ವಾಸನೆ ಪೂರ್ತಿ ಹೋಗಿದ್ದರೆ ಮಾತ್ರ ತೋಟಕ್ಕೆ.

ತೋಟಕ್ಕೆ ನನ್ನ ಮೆಚ್ಚು ಹೊಂಗೆ ಹಿಂಡಿ. ಅದರಲ್ಲೂ ಕರಂಜಿನ್ ಎಂಬ ಕಹಿ ಇದೆ. ಮಣ್ಣಿನಲ್ಲಿ ಅದು ಸಾರಜನಕ ಬೇಗ ಸೋರಿ ಹೋಗದಂತೆ ತಡೆಯುತ್ತದೆ. ಕಡಲೆಕಾಯಿ ಹಿಂಡಿಯೆಂದುಕೊಂಡು ಹಸುವಿನ ಬಾನಿಗೆ ಹಾಕಿದರೆ ಅದೇ ಕಹಿ ಹಸುವಿಗೆ ಕೇಡು. ಎರಡು ಚೀಲವನ್ನೂ ಒಂದೇ ಮೂಲೆಯಲ್ಲಿ ಇಡಬೇಡಿ.

4. ಚೆನ್ನಾಗಿ ಉರಿಯುವುದೆಲ್ಲ ಒಲೆಗೆ ಸೌದೆಯಲ್ಲ.

ಗೂಡು ಬೇಯಿಸುವ ಒಲೆ ಬೆಳಗಿನಿಂದ ಸಂಜೆವರೆಗೆ ಉರಿಯಬೇಕು. ಸೌದೆ ತುಟ್ಟಿಯಾದಾಗ ಚಿಂತಾಮಣಿ ಕಡೆಯಿಂದ ಗೋಡಂಬಿ ಸಿಪ್ಪೆ ತರಿಸಿದೆ. ಅಲ್ಲಿನ ಸಂಶೋಧನಾ ಕೇಂದ್ರದಿಂದ ‘ಚಿಂತಾಮಣಿ-1’ ಎಂಬ ಗೋಡಂಬಿ ತಳಿಯೇ ಬಂದಿದೆ. ಆ ಕಡೆ ಗೋಡಂಬಿ ಹೊಸದಲ್ಲ. ಸಿಪ್ಪೆಯ ತೂಕದಲ್ಲಿ ಸುಮಾರು ಕಾಲು ಭಾಗ ಎಣ್ಣೆ. ಬೆಂಕಿ ಭರ್ಜರಿಯಾಗಿ ಹತ್ತಿತು. ಆದರೆ ಒಲೆಯಲ್ಲಿ ಗಾಳಿ ಸಾಲದೆ ಕಪ್ಪು ಹೊಗೆ ಕೋಣೆ ತುಂಬಿತು. ಬಿಚ್ಚಾಣಿಕೆಗೆ ಕೂತ ಹೆಂಗಸರು ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದರು. ಸಿಪ್ಪೆ ಬಾಚಿ ಹಾಕುತ್ತಿದ್ದವನ ಬೆರಳ ಸಂದಿಯಲ್ಲಿ ಬೊಬ್ಬೆ ಎದ್ದಿತು. ಅನಕಾರ್ಡಿಕ್ ಆಮ್ಲ, ಕಾರ್ಡಾಲ್‌ಗಳ ಕೆಲಸ ಅದು. ಹೊಗೆ ಕೊಳವೆ ಬಿಚ್ಚಿದಾಗ ಒಳಗೆ ಡಾಂಬರಿನಂಥ ಅಂಟು. ಮೈಗೆ ಕೇಡು ಮಾಡುವ ಉಳಿತಾಯ ನನಗೆ ಬೇಡವಾಯಿತು. ಚೆನ್ನಾಗಿ ಒಣಗಿದ ನೀಲಗಿರಿ, ಹುಣಸೆ ತುಂಡುಗಳೇ ಸಾಕು. ಹಸಿ ಸೌದೆ ಮಾತ್ರ ಯಾವ ಮರದ್ದಾದರೂ ಹೊಗೆಯೇ.

5. ಚೆಂಡು ಹೂವಿನ ಗುಣ ಬೇರಿನಲ್ಲಿದೆ.

ಹಿಪ್ಪುನೇರಳೆಗೆ ಬೇರುಗಂಟು ರೋಗ ಬಂದರೆ ಗಿಡ ವರ್ಷವಿಡೀ ಸೊರಗುತ್ತದೆ. ಚಿಕ್ಕಬಳ್ಳಾಪುರ ಮಾರುಕಟ್ಟೆಯಲ್ಲಿ ಬೆಲೆ ಬಿದ್ದು ರಾಶಿ ಬಿಟ್ಟ ಚೆಂಡು ಹೂ ತಂದು ಹೂತೆ. ಹೇಳಿಕೊಳ್ಳುವಂಥ ಗುಣ ಕಾಣಲಿಲ್ಲ. ಬೇರಿಗೆ ಗಂಟು ಕಟ್ಟಿಸುವ ಜಂತು ಹುಳುವನ್ನು ಕೊಲ್ಲುವ ಸತ್ವ ಹೆಚ್ಚಾಗಿರುವುದು ಬದುಕಿರುವ ಬೇರಿನಲ್ಲಿ. ಸಾಲಿನ ನಡುವೆ ಗಿಡ ಬೆಳೆಸಿ, ಬೇವಿನ ಹಿಂಡಿ ಕೊಟ್ಟ ಮೇಲೆ ಗಂಟು ಕಡಿಮೆಯಾಯಿತು. ಹಿಂಡಿ ಮಣ್ಣಿಗೆ ಹೋಗುವುದರಿಂದ ಎಲೆಗೆ ಸಿಂಪಡಿಸಿದಷ್ಟು ಭಯವಿಲ್ಲ.

6. ಒಗರು ಮರಕ್ಕೆ ಕಬ್ಬಿಣದ ಮೊಳೆ ಹೊಡೆದು ರೇಷ್ಮೆಯ ಮೇಲೆ ಕಟ್ಟಬಾರದು.

ಗೌರಿಬಿದನೂರು ಕಡೆಯ ಕೆರೆಯಂಗಳದ ಜಾಲಿ ಹಲಗೆ ಗಟ್ಟಿ, ಅಗ್ಗ. ಅದಕ್ಕೆ ಮೊಳೆ ಹೊಡೆದು ನೂಲು ಬಿಚ್ಚುವ ಬೇಸಿನ್ ಮೇಲೆ ಅಟ್ಟ ಮಾಡಿದೆ, ಕೆಳಗೆ ನೂಲಿನ ಲಡಿ ತೂಗುಹಾಕಿದೆ. ಹಬೆ ಹಲಗೆಗೆ ತಾಗಿ ಹನಿಯಾಗಿ ಇಳಿಯಿತು. ಜಾಲಿಯ ಟ್ಯಾನಿನ್ ಮೊಳೆಯ ಕಬ್ಬಿಣಕ್ಕೆ ಸೇರಿದರೆ ಶಾಯಿಯಂಥ ನೀಲಿಗಪ್ಪು ಬಣ್ಣ. ರೇಷ್ಮೆ ಒಗರನ್ನು ಬಹಳ ಸುಲಭವಾಗಿ ಹೀರುತ್ತದೆ. ಬಿಳಿ ಲಡಿಯ ಮೇಲೆ ಕಡಲೆ ಗಾತ್ರದ ಕಲೆಗಳು ಮೂಡಿದವು. ತೊಳೆದರೂ ಹೋಗಲಿಲ್ಲ, ಲಡಿ ಅರ್ಧ ಬೆಲೆಗೆ ಹೋಯಿತು. ಈಗ ಹಬೆ ತಾಗುವಲ್ಲಿ ಸ್ಟೀಲ್ ಕೊಳವೆ ಹಾಕಿದ್ದೇನೆ. ಜಾಲಿ ಹಲಗೆ ಕೊಟ್ಟಿಗೆಗೆ ಹೋಯಿತು. ಅಲ್ಲಿ ಗೆದ್ದಲು ಹೊರಗಿನ ಬಿಳಿ ಮರವನ್ನು ತಿಂದಿದೆ. ಒಗರು ತುಂಬಿದ ಕೆಚ್ಚನ್ನು ಇನ್ನೂ ಮುಟ್ಟಿಲ್ಲ.